ಹೆಸರು ಕಾಣುತ್ತದೆ, ಬಾಗಿಲು ತೆರೆಯದು: ಮನೆಯ ನಿಸ್ತಂತು ಜಾಲದ ತೊಂದರೆಗಳು

ಬೀದರ ಜಿಲ್ಲೆಯ ನಾರಾಯಣಪುರ ಬಸವಕಲ್ಯಾಣಕ್ಕೆ ಹತ್ತಿರದ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದ ಶಿವ ದೇವಾಲಯ ನೋಡಲು ಹೋದವರಿಗೆ ಈ ಊರು ಗೊತ್ತಿರುತ್ತದೆ. ಅಲ್ಲಿ ನನ್ನ ಮಿತ್ರರೊಬ್ಬರ ಮನೆ ಇದೆ. ಅವರು ಪ್ರೌಢಶಾಲೆಯ ಗಣಿತ ಶಿಕ್ಷಕರು. ಒಮ್ಮೆ ಸಂಜೆ ಅವರ ಮನೆಗೆ ಹೋದಾಗ ಅವರು ಲ್ಯಾಪ್‌ಟಾಪಿನ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಹತ್ತನೆಯ ತರಗತಿಯ ಎರಡು ವಿಭಾಗಗಳ ಆಂತರಿಕ ಅಂಕಗಳನ್ನು ಅಂತರಜಾಲದ ಮೂಲಕ ಕಳುಹಿಸಲು ಅದೇ ರಾತ್ರಿ ಕೊನೆಯ ಗಡುವು. ಅಂಕಪಟ್ಟಿ ಲ್ಯಾಪ್‌ಟಾಪಿನಲ್ಲಿದೆ. ಮನೆಗೆ ಹೊಸದಾಗಿ ಬಂದ ವೈ-ಫೈ ಲ್ಯಾಪ್‌ಟಾಪಿಗೆ ದಕ್ಕುತ್ತಿಲ್ಲ. "ಮೊಬೈಲಿಗೆ ಬರ್ತದ್ರಿ, ಇದಕ್ಕ ಬರಲ್ಲ" ಎಂದರು.

ಇಂಥ ಸಮಸ್ಯೆ ಎದುರಾದಾಗ ನಾವು ಸಾಮಾನ್ಯವಾಗಿ ಮಾಡುವುದೇನು? ಕಂಡ ಗುಂಡಿಯನ್ನೆಲ್ಲ ಒತ್ತುತ್ತೇವೆ. ಯಾವುದೋ ಒಂದರಿಂದ ಸರಿಹೋದರೆ ಯಾವುದರಿಂದ ಎಂಬುದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ಮೊದಲಿಲ್ಲದ ಹೊಸ ದೋಷವೊಂದು ಸೇರಿಕೊಂಡಿರುತ್ತದೆ. ಆದರೆ ನಿಸ್ತಂತು ಸಂಪರ್ಕ ಹಂತಹಂತವಾಗಿ ಏರ್ಪಡುವ ಕ್ರಿಯೆ. ಮೊದಲು ರೇಡಿಯೊ ಅಲೆ ತಲುಪಬೇಕು. ಆಮೇಲೆ ಬೀಗ ತೆರೆಯಬೇಕು. ಅನಂತರ ಯಂತ್ರಕ್ಕೆ ಒಂದು ವಿಳಾಸ ಸಿಗಬೇಕು. ಕೊನೆಗೆ ಹೊರಜಗತ್ತಿನ ದಾರಿ ಕಾಣಬೇಕು. ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುವುದೂ ಇದನ್ನೇ ಅಲ್ಲವೆ? ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ, ಏನಾಯಿತು ನೋಡಿ.

ಮೊದಲು ರೇಡಿಯೊ ಅಲೆಯ ವಿಚಾರ. ರೂಟರ್ ಎಂಬ ಪೆಟ್ಟಿಗೆ ಸೆಕೆಂಡಿಗೆ ಸುಮಾರು 240 ಕೋಟಿ ಆಂದೋಲನಗಳ, ಅಂದರೆ 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು ಹೊರಸೂಸುತ್ತದೆ. ಇವುಗಳ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್. ಈಚಿನ ರೂಟರ್‌ಗಳು ಇದರ ಜೊತೆಗೆ 5 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಕೆಲಸ ಮಾಡುತ್ತವೆ. ಅಲ್ಲಿ ತರಂಗದೂರ ಸುಮಾರು 6 ಸೆಂಟಿಮೀಟರ್. ಹಳೆಯ ಹಾಗೂ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ 5 ಗಿಗಾಹರ್ಟ್ಸ್ ಕೇಳಿಸುವುದೇ ಇಲ್ಲ. ಆ ಪಟ್ಟಿಯಲ್ಲಿ ಮಾತ್ರ ಪ್ರಸಾರವಾಗುವ ಜಾಲದ ಹೆಸರು ಮೊಬೈಲಿನಲ್ಲಿ ಕಂಡರೂ ಅಂಥ ಲ್ಯಾಪ್‌ಟಾಪಿನಲ್ಲಿ ಕಾಣುವುದಿಲ್ಲ. ಇನ್ನೊಂದು ವಿಚಿತ್ರ ಸಂಗತಿಯೂ ಉಂಟು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಚಾನೆಲ್‌ಗಳಾಗಿ ಹಂಚಲಾಗಿದೆ. ನಮ್ಮಲ್ಲಿ 1ರಿಂದ 13ರವರೆಗೆ ಬಳಕೆಯಲ್ಲಿವೆ, ಅಮೆರಿಕದಲ್ಲಿ ಸಾಮಾನ್ಯವಾಗಿ 11ರವರೆಗೆ ಮಾತ್ರ. ಅಲ್ಲಿಂದ ಮಗನೋ ಮಗಳೋ ತಂದುಕೊಟ್ಟ ಲ್ಯಾಪ್‌ಟಾಪಿಗೆ 13ನೆಯ ಚಾನೆಲ್ಲಿನ ರೂಟರ್ ಅಗೋಚರವಾಗಿ ಉಳಿಯಬಹುದು! ರೂಟರಿನ ಚಾನೆಲ್ಲನ್ನು 1, 6 ಅಥವಾ 11ಕ್ಕೆ ಬದಲಿಸಿದರೆ ಸಾಕು. ಈ ಮೂರು ಒಂದರ ಮೇಲೊಂದು ಬೀಳದಷ್ಟು ದೂರದಲ್ಲಿರುವುದರಿಂದ ಅವನ್ನೇ ಆರಿಸಿಕೊಳ್ಳುವುದು ರೂಢಿ.

ಹೆಸರು ಒಂದೂ ಕಾಣದಿದ್ದರೆ ಲ್ಯಾಪ್‌ಟಾಪಿನ ರೇಡಿಯೊವೇ ಬಂದ್ ಆಗಿರುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಇದಕ್ಕೆಂದೇ ಪುಟ್ಟದೊಂದು ಜಾರುಗುಂಡಿ ಇರುತ್ತಿತ್ತು. ಚೀಲದಿಂದ ತೆಗೆಯುವಾಗ ಅದು ಸರಿದುಹೋಗುವುದು ಸಾಮಾನ್ಯ.

ಮಿತ್ರರ ಲ್ಯಾಪ್‌ಟಾಪಿನಲ್ಲಿ ಜಾಲದ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ದೂರದ ಪ್ರಶ್ನೆ ಬಾರದಿರಲೆಂದು ನಾವು ರೂಟರ್ ಇದ್ದ ಒಳಮನೆಗೇ ಹೋಗಿ, ಅದರ ಪಕ್ಕದಲ್ಲಿ ಕುಳಿತೆವು. ಮೊಬೈಲಿಗೆ ಜಾಲ ಸಿಗುತ್ತಿದ್ದುದರಿಂದ ರೂಟರಾಗಲಿ, ಹೊರಗಿನ ತಂತಿಯಾಗಲಿ ಕೆಟ್ಟಿಲ್ಲ ಎಂಬುದು ಖಚಿತ. ತೊಂದರೆ ಬೀಗದ ಹಂತದಲ್ಲಿ. ಗುಪ್ತಪದ ಕೊಟ್ಟೊಡನೆ ಒಂದು ನಿಮಿಷ ಯೋಚಿಸಿದಂತೆ ಮಾಡಿ, "ಈ ಜಾಲಕ್ಕೆ ಸಂಪರ್ಕ ಸಾಧ್ಯವಾಗಲಿಲ್ಲ" ಎಂಬ ಅರ್ಥದ ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ಏಕೆ ಸಾಧ್ಯವಾಗಲಿಲ್ಲ? ಅದನ್ನು ಹೇಳುವುದಿಲ್ಲ.

ಈ ಮೌನಕ್ಕೆ ಕಾರಣವಿದೆ. ಅನೇಕರು ತಿಳಿದಂತೆ ನಾವು ಟೈಪಿಸಿದ ಗುಪ್ತಪದವನ್ನು ಲ್ಯಾಪ್‌ಟಾಪ್ ರೂಟರಿಗೆ ಕಳುಹಿಸುವುದಿಲ್ಲ. ಕಳುಹಿಸಿದರೆ ಬೀದಿಯಲ್ಲಿ ನಿಂತವನೂ ಅದನ್ನು ಕೇಳಿಸಿಕೊಂಡಾನು. ಗಾಳಿಯಲ್ಲಿ ಹೇಳದೆಯೇ ತನಗೆ ಗೊತ್ತಿದೆ ಎಂದು ರುಜುವಾತು ಮಾಡಬೇಕು. ಅದು ಹೇಗೆ ಸಾಧ್ಯ? ತರಗತಿಯಲ್ಲಿ ಇದನ್ನೊಂದು ಆಟವಾಗಿ ಆಡಿಸಬಹುದು.

ಇಬ್ಬರು ಮಕ್ಕಳಿಗೆ ಮಾತ್ರ ಕಿವಿಯಲ್ಲಿ ಒಂದು ಗುಟ್ಟಿನ ಸಂಖ್ಯೆ ಹೇಳಿ, 37 ಎನ್ನೋಣ. ಒಬ್ಬ ರೂಟರ್, ಇನ್ನೊಬ್ಬಳು ಲ್ಯಾಪ್‌ಟಾಪ್. ರೂಟರ್ ಎಲ್ಲರಿಗೂ ಕೇಳುವಂತೆ ತೋಚಿದ ಒಂದು ಸಂಖ್ಯೆ ಕೂಗುತ್ತಾನೆ: 15. ಲ್ಯಾಪ್‌ಟಾಪ್ ತನಗೆ ತೋಚಿದ್ದನ್ನು ಆರಿಸುತ್ತಾಳೆ: 28. ಎರಡನ್ನೂ ಕೂಡಿದರೆ 43. ಅದನ್ನು ಗುಟ್ಟಿನ 37ರಿಂದ ಗುಣಿಸಿದರೆ 1591. ಅವಳು "28, ಮತ್ತು ಕೊನೆಯ ಎರಡು ಅಂಕೆ 91" ಎಂದು ಕೂಗುತ್ತಾಳೆ. ರೂಟರ್ ತಾನೂ ಅದೇ ಲೆಕ್ಕ ಮಾಡುತ್ತಾನೆ. ಅವನಿಗೂ 91 ಬಂದರೆ ಇವಳಿಗೆ ಗುಟ್ಟು ಗೊತ್ತಿದೆ ಎಂದಾಯಿತು. 37 ಎಂಬ ಸಂಖ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ತಪ್ಪಾಗಿ 36 ಎಂದುಕೊಂಡಿದ್ದರೆ ಉತ್ತರ 48 ಆಗುತ್ತಿತ್ತು. ರೂಟರಿಗೆ ಉತ್ತರ ತಪ್ಪು ಎಂದಷ್ಟೇ ತಿಳಿಯುತ್ತದೆ. ಒಂದು ಅಕ್ಷರ ತಪ್ಪಿತೇ, ಇಡೀ ಪದವೇ ಬೇರೆಯೇ ಎಂಬುದು ಅದಕ್ಕೂ ತಿಳಿಯದು. ಅದು ತಪ್ಪು ಉತ್ತರವನ್ನು ಸುಮ್ಮನೆ ಎಸೆದುಬಿಡುತ್ತದೆ. ಕಾದು ಕಾದು ಲ್ಯಾಪ್‌ಟಾಪ್ ನಮಗೆ ಆ ಅಸ್ಪಷ್ಟ ಸಾಲನ್ನು ತೋರಿಸುತ್ತದೆ.

ನಿಜವಾದ ಬೀಗದ ಲೆಕ್ಕ ಇದಕ್ಕಿಂತ ಬಹಳ ಜಟಿಲ. ಡಬ್ಲ್ಯುಪಿಎ2 ಎಂಬ ಪದ್ಧತಿಯಲ್ಲಿ 8ರಿಂದ 63 ಅಕ್ಷರಗಳ ಗುಪ್ತಪದವನ್ನು ಜಾಲದ ಹೆಸರಿನೊಂದಿಗೆ ಬೆರೆಸಿ, 4096 ಸುತ್ತು ಕಲಸಿ, 256 ಬಿಟ್‌ಗಳ ಕೀಲಿಯೊಂದನ್ನು ತಯಾರಿಸುತ್ತಾರೆ. ಇಷ್ಟೊಂದು ಸುತ್ತು ಏಕೆ ಎಂಬುದು ನಮ್ಮ ಆಟದಿಂದಲೇ ತಿಳಿಯುತ್ತದೆ. ಹಿಂದಿನ ಬೆಂಚಿನ ತುಂಟನೊಬ್ಬ 15, 28, 91 ಮೂರನ್ನೂ ಬರೆದುಕೊಂಡ ಎನ್ನಿ. ಮನೆಗೆ ಹೋಗಿ 00ರಿಂದ 99ರವರೆಗೆ ಒಂದೊಂದನ್ನೂ 43ರಿಂದ ಗುಣಿಸಿ ನೋಡಿದರೆ, 91ರಲ್ಲಿ ಕೊನೆಗೊಳ್ಳುವುದು 37 ಒಂದೇ ಎಂದು ಕಂಡುಹಿಡಿಯುತ್ತಾನೆ. ನಿಜಜೀವನದ ಕಳ್ಳನೂ ಹೀಗೆಯೇ ಮಾಡುತ್ತಾನೆ. ಮಾತುಕತೆಯನ್ನು ಒಮ್ಮೆ ಹಿಡಿದಿಟ್ಟುಕೊಂಡು, ನಿಘಂಟಿನ ಪದಗಳನ್ನೂ ಹುಟ್ಟಿದ ದಿನಾಂಕಗಳನ್ನೂ ಫೋನ್ ಸಂಖ್ಯೆಗಳನ್ನೂ ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತಾನೆ. ಪ್ರತಿಯೊಂದು ಊಹೆಗೂ 4096 ಸುತ್ತು ಕಲಸಬೇಕಾದರೆ ಅವನ ಕೆಲಸ ನಿಧಾನವಾಗುತ್ತದೆ. ಗುಪ್ತಪದ ಉದ್ದವಾಗಿದ್ದರಂತೂ ಮುಗಿಯುವುದೇ ಇಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ3 ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕದ್ದು ಕೇಳಿದ ಮಾತುಕತೆಯನ್ನು ಮನೆಗೊಯ್ದು ಊಹಿಸುವ ದಾರಿಯನ್ನೇ ಮುಚ್ಚಿದೆ. ಈ ಕೊನೆಯ ವಾಕ್ಯವನ್ನು ನೆನಪಿಡಿ. ನಾರಾಯಣಪುರದ ಒಗಟು ಇಲ್ಲೇ ಇತ್ತು.

ಆದರೆ ನಾವು ಅಲ್ಲಿಗೆ ನೇರವಾಗಿ ಹೋಗಲಿಲ್ಲ. ಮೊದಲು ಸಂಶಯಪಟ್ಟದ್ದು ಬೆರಳುಗಳನ್ನು. ಗುಪ್ತಪದ ಟೈಪಿಸುವಾಗ ಪರದೆಯ ಮೇಲೆ ಚುಕ್ಕೆಗಳು ಮಾತ್ರ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ದೊಡ್ಡಕ್ಷರದ ಗುಂಡಿ ಒತ್ತಿಹೋಗಿರಬಹುದು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅಂಕಿಗಳ ಗುಂಡಿ ಚಾಲೂ ಇದ್ದರೆ ಬಲಗೈಯ ಅಕ್ಷರಗಳೆಲ್ಲ ಅಂಕಿಗಳಾಗಿ ಬೀಳುತ್ತವೆ. ನಮ್ಮ ಶಿಕ್ಷಕರ ಲ್ಯಾಪ್‌ಟಾಪ್‌ಗಳಲ್ಲಿ ಮೂರನೆಯದೊಂದು ಸಾಧ್ಯತೆಯೂ ಇದೆ. ಪ್ರಶ್ನೆಪತ್ರಿಕೆ ತಯಾರಿಸಿ ಕನ್ನಡ ತಂತ್ರಾಂಶವನ್ನು ಹಾಗೆಯೇ ಬಿಟ್ಟಿದ್ದರೆ ಕೀಲಿಮಣೆ ಇನ್ನೂ ಕನ್ನಡದಲ್ಲೇ ಇರುತ್ತದೆ! ಇದಕ್ಕೆಲ್ಲ ಒಂದೇ ಉಪಾಯ: ಗುಪ್ತಪದವನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಟೈಪಿಸಿ ಕಣ್ಣಾರೆ ನೋಡಿ. ಸೊನ್ನೆಯೋ ಓ ಅಕ್ಷರವೋ, ಒಂದೋ ಎಲ್ ಅಕ್ಷರವೋ ಎಂದು ರೂಟರಿನ ತಳದ ಚೀಟಿಯೊಂದಿಗೆ ಹೋಲಿಸಿ ನಕಲು ಮಾಡಿ ಅಂಟಿಸಿ. ಮಾಡಿದೆವು. ಫಲವಿಲ್ಲ.

ಎರಡನೆಯ ಸಂಶಯ ಹಳೆಯ ನೆನಪಿನದು. ಲ್ಯಾಪ್‌ಟಾಪ್ ತಾನು ಹಿಂದೆ ಸೇರಿದ್ದ ಜಾಲದ ಹೆಸರು, ಕೀಲಿ, ಬೀಗದ ಬಗೆ ಮೂರನ್ನೂ ಬರೆದಿಟ್ಟುಕೊಂಡಿರುತ್ತದೆ. ರೂಟರ್ ಬದಲಿಸಿ ಹಳೆಯ ಹೆಸರನ್ನೇ ಇಟ್ಟರೆ ಅದು ಹಳೆಯ ಕೀಲಿಯನ್ನೇ ತಿರುಗಿಸುತ್ತ ಕೂರುತ್ತದೆ. ಆ ಜಾಲವನ್ನು "ಮರೆತುಬಿಡು" ಎಂದು ಆಜ್ಞಾಪಿಸಿ ಹೊಸದಾಗಿ ಸೇರಬೇಕು. ಅದನ್ನೂ ಮಾಡಿದೆವು. ಫಲವಿಲ್ಲ.

ಆಗ ನನಗೆ ಹೊಳೆದ ಪರೀಕ್ಷೆ ಎಂದರೆ ರೂಟರನ್ನೇ ಬದಲಿಸಿ ನೋಡುವುದು. ಮನೆಯಲ್ಲಿ ಎರಡನೆಯ ರೂಟರ್ ಎಲ್ಲಿಂದ ತರುವುದು? ಮೊಬೈಲ್ ಇದೆಯಲ್ಲ! ಮೊಬೈಲಿನ ಹಾಟ್‌ಸ್ಪಾಟ್ ಚಾಲೂ ಮಾಡಿದರೆ ಅದೂ ಒಂದು ಪುಟ್ಟ ರೂಟರೇ. ಲ್ಯಾಪ್‌ಟಾಪ್ ಅದಕ್ಕೆ ಕ್ಷಣದಲ್ಲಿ ಸೇರಿಕೊಂಡಿತು. ಆದರೆ ಯಾವ ಪುಟವೂ ತೆರೆಯಲಿಲ್ಲ. ಒಳಮನೆಯ ಗೋಡೆ ಎರಡು ಅಡಿ ದಪ್ಪದ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಮೊಬೈಲ್ ಗೋಪುರದ ಸಂಕೇತ ಅಲ್ಲಿಗೆ ತಲುಪುವುದು ಕಷ್ಟ. "ಸಿಗ್ನಲ್ ಇಲ್ಲ, ಅದಕ್ಕೇ" ಎಂದುಕೊಂಡು ಮುಂದೆ ಹೋದೆವು. ಅದು ನನ್ನ ತಪ್ಪು. ಒಂದು ಸುಳಿವನ್ನು ಪರೀಕ್ಷಿಸದೆ ಸಮಜಾಯಿಷಿ ಕೊಟ್ಟು ಬಿಟ್ಟುಬಿಟ್ಟೆ. ಅದರ ಬೆಲೆ ಆಮೇಲೆ ತೆರಬೇಕಾಯಿತು.

ಅಷ್ಟರಲ್ಲಿ ಗಂಟೆ ಎಂಟಾಗಿತ್ತು. ಬಸವಕಲ್ಯಾಣದ ಸೈಬರ್ ಅಂಗಡಿ ಮುಚ್ಚುವ ಹೊತ್ತು. ಕಾಲೇಜಿಗೆ ಹೋಗುವ ಅವರ ಮಗ ಸುಲಭದ ದಾರಿ ಸೂಚಿಸಿದ: "ಪಾಸ್‌ವರ್ಡೇ ತೆಗೆದುಬಿಡೋಣ್ರಿ. ನಮ್ಮೂರಾಗ ಯಾರು ಬಂದು ಕದೀತಾರ?" ಗಡುವು ತಲೆಯ ಮೇಲಿರುವಾಗ ಇದು ಬಹಳ ಆಕರ್ಷಕ ಸಲಹೆ. ಬೀಗ ತೆಗೆದರೆ ಬೀಗದ ಸಮಸ್ಯೆ ಇರುವುದಿಲ್ಲ ನಿಜ. ಆದರೆ ಹಾಗೆ ತೆಗೆದವರು ಮರಳಿ ಹಾಕುವುದನ್ನು ನಾನು ಕಂಡದ್ದು ಕಡಿಮೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಸ್ವಲ್ಪ ಮುನ್ನ ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ವಸತಿಗೆ. ಅಲ್ಲಿನ ಬೀಗವಿಲ್ಲದ ವೈ-ಫೈಯನ್ನು ಯಾರೋ ಬಳಸಿಕೊಂಡಿದ್ದರು. ಆ ಮನೆಯ ನಿವಾಸಿ ತನಿಖೆಯನ್ನು ಎದುರಿಸಬೇಕಾಯಿತು. ಅಂತರಜಾಲದಲ್ಲಿ ಕಾಣುವುದು ರೂಟರಿನ ವಿಳಾಸವೇ ಹೊರತು, ಗೋಡೆಯಾಚೆ ಕುಳಿತವನ ಮುಖವಲ್ಲ. 2009ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ವೈ-ಫೈ ಜಾಲಗಳನ್ನು ಸುರಕ್ಷಿತವಾಗಿಡುವ ಬಗ್ಗೆ ಅಂತರಜಾಲ ಸೇವಾದಾರರಿಗೆ ಸೂಚನೆಗಳನ್ನು ನೀಡಿತು. ಇದೆಲ್ಲ ದೂರದ ಮಾತು ಎನಿಸಿದರೆ ಹತ್ತಿರದ ಮಾತೂ ಇದೆ. ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಮಕ್ಕಳ ಹೆಸರು, ಜನ್ಮದಿನಾಂಕ, ಅಂಕಗಳು. ಅವು ಮೇಷ್ಟ್ರ ಸ್ವಂತ ಆಸ್ತಿಯಲ್ಲ.

ದುರ್ಬಲ ಬೀಗವೂ ಬೀಗವಿಲ್ಲದ್ದಕ್ಕೆ ಸಮ ಎಂಬುದನ್ನು ಇತಿಹಾಸ ತೋರಿಸಿದೆ. ವೈ-ಫೈಯ ಮೊದಲ ಬೀಗ ಡಬ್ಲ್ಯುಇಪಿ. ಅದರಲ್ಲಿ ಪ್ರತಿ ಪೊಟ್ಟಣಕ್ಕೂ 24 ಬಿಟ್‌ಗಳ ಒಂದು ಆರಂಭಿಕ ಸಂಖ್ಯೆಯನ್ನು ಸೇರಿಸುತ್ತಿದ್ದರು. 24 ಬಿಟ್ ಎಂದರೆ 1,67,77,216 ಸಂಖ್ಯೆಗಳು. ಕೇಳಲು ದೊಡ್ಡದು, ಆದರೆ ಬಿಡುವಿಲ್ಲದೆ ದುಡಿಯುವ ಜಾಲದಲ್ಲಿ ಕೆಲವೇ ಗಂಟೆಗಳಲ್ಲಿ ಅವೆಲ್ಲ ಮುಗಿದು ಹಳೆಯವೇ ಮರುಕಳಿಸುತ್ತವೆ. 2001ರಲ್ಲಿ ಫ್ಲೂರರ್, ಮ್ಯಾಂಟಿನ್, ಶಮೀರ್ ಎಂಬ ಮೂವರು ವಿಜ್ಞಾನಿಗಳು ಇದಕ್ಕಿಂತ ಗಂಭೀರವಾದ ದೋಷವನ್ನೇ ಪ್ರಕಟಿಸಿದರು: ಸಾಕಷ್ಟು ಪೊಟ್ಟಣಗಳನ್ನು ಸಂಗ್ರಹಿಸಿದರೆ ಕೀಲಿಯೇ ಹೊರಬೀಳುತ್ತದೆ. 2003ರಲ್ಲಿ ತಾತ್ಕಾಲಿಕ ಪರಿಹಾರವಾಗಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2 ಬಂದವು. ಹೊಸ ಬೀಗ ಬಂದಾಗಲೆಲ್ಲ ಹಳೆಯ ಯಂತ್ರ ಬಾಗಿಲ ಹೊರಗೆ ನಿಂತಿದೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಎರಡನೆಯ ಸೇವಾಕಂತಿನ ಯಂತ್ರಗಳಿಗೆ ಡಬ್ಲ್ಯುಪಿಎ2 ಗೊತ್ತಿರಲಿಲ್ಲ. 2005ರಲ್ಲಿ ಅದಕ್ಕೆಂದೇ ತೇಪೆಯೊಂದನ್ನು ಹಾಕಬೇಕಾಯಿತು. ರೂಟರ್ ಸರಿ, ಗುಪ್ತಪದ ಸರಿ, ಆದರೂ ಸಂಪರ್ಕವಿಲ್ಲ ಎಂದು ಆಗ ಗೊಣಗಿದವರು ಎಷ್ಟೋ ಮಂದಿ.

ಇದನ್ನು ಮಗನಿಗೆ ವಿವರಿಸುತ್ತಿರುವಾಗಲೇ ಅವನು ತಟ್ಟನೆ ಹೇಳಿದ: "ನಾನು ಹೊಸ ರೂಟರ್‌ದಾಗ ಎಲ್ಲಕ್ಕಿಂತ ಗಟ್ಟಿ ಇರೋದು ಆರಿಸೀನಿ." ಮೊಬೈಲಿನ ಜಾಲವೀಕ್ಷಕದಲ್ಲಿ ರೂಟರಿನ ಪುಟ ತೆರೆದೆವು. ಹಲವು ರೂಟರ್‌ಗಳಲ್ಲಿ ಅದರ ವಿಳಾಸ 192.168.1.1, ಸರಿಯಾದದ್ದು ತಳದ ಚೀಟಿಯಲ್ಲಿರುತ್ತದೆ. ಬೀಗದ ಬಗೆಯ ಜಾಗದಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದಿತ್ತು. ಲ್ಯಾಪ್‌ಟಾಪ್ 2014ರಲ್ಲಿ ಕೊಂಡದ್ದು. ಡಬ್ಲ್ಯುಪಿಎ3 ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲಿನ ಯಂತ್ರಕ್ಕೆ ಆ ಭಾಷೆ ಬರುವುದು ಹೇಗೆ? ಹೊಸ ಮೊಬೈಲಿಗೆ ಬರುತ್ತದೆ. ಹಾಟ್‌ಸ್ಪಾಟ್ ಡಬ್ಲ್ಯುಪಿಎ2 ಮಾತಾಡುತ್ತಿತ್ತು, ಅದಕ್ಕೇ ಲ್ಯಾಪ್‌ಟಾಪ್ ಅದನ್ನು ಸೇರಿತು. ಮಗ ಮಾಡಿದ್ದು ತಪ್ಪಲ್ಲ, ಒಳ್ಳೆಯ ಆಯ್ಕೆಯೇ. ಮನೆಯ ಎಲ್ಲ ಸದಸ್ಯರನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅಷ್ಟೆ. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆಗೆ ಬದಲಿಸಿದೆವು, ಗುಪ್ತಪದವನ್ನು ಹದಿನಾರು ಅಕ್ಷರಗಳಿಗೆ ಉದ್ದ ಮಾಡಿದೆವು. ಲ್ಯಾಪ್‌ಟಾಪ್ ಸೇರಿಕೊಂಡಿತು.

ಸಂತೋಷ ಅರ್ಧ ನಿಮಿಷವೂ ಉಳಿಯಲಿಲ್ಲ. ಜಾಲಕ್ಕೆ ಸೇರಿದೆ, ಆದರೆ ಅಂತರಜಾಲ ಇಲ್ಲ ಎಂಬ ಹಳದಿ ಗುರುತು!

ಬೀಗ ತೆರೆದ ಮೇಲೆ ಮೂರನೆಯ ಹಂತ ವಿಳಾಸದ್ದು. ಸಾಮಾನ್ಯವಾಗಿ ರೂಟರ್ ತಾನೇ ಒಂದೊಂದು ಯಂತ್ರಕ್ಕೂ ತಾತ್ಕಾಲಿಕ ವಿಳಾಸ ಹಂಚುತ್ತದೆ. ಅದು ಸಿಕ್ಕಿದೆಯೇ ಎಂದು ತಿಳಿಯಲು ಕಮಾಂಡ್ ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಟೈಪಿಸಬೇಕು. ವಿಳಾಸ 169.254ರಿಂದ ಆರಂಭವಾದರೆ ಯಂತ್ರ ಕೇಳಿದರೂ ಯಾರೂ ವಿಳಾಸ ಕೊಡಲಿಲ್ಲ, ಅದು ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದರ್ಥ. ನಮಗೆ ಕಂಡದ್ದು ಅದಲ್ಲ. 192.168.0.25 ಎಂದಿತ್ತು. ರೂಟರಿನದು 192.168.1.1. ಮೂರನೆಯ ಅಂಕಿ ನೋಡಿ: ಒಂದರಲ್ಲಿ 0, ಇನ್ನೊಂದರಲ್ಲಿ 1. ಒಂದೇ ಬೀದಿಯ ಮನೆಗಳಲ್ಲ ಇವು. ಮಿತ್ರರು ನೆನಪಿಸಿಕೊಂಡರು: ಕೆಲವು ವರ್ಷಗಳ ಹಿಂದೆ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮುದ್ರಕಕ್ಕೆ ಜೋಡಿಸಲೆಂದು ಯಾರೋ ಈ ವಿಳಾಸವನ್ನು ಕೈಯಿಂದ ಬರೆದಿಟ್ಟಿದ್ದರು. ಯಂತ್ರ ಎಲ್ಲಿಗೆ ಹೋದರೂ ಆ ಹಳೆಯ ವಿಳಾಸವನ್ನೇ ಹೇಳುತ್ತಿತ್ತು. ಹಾಟ್‌ಸ್ಪಾಟಿನಲ್ಲಿ ಪುಟ ತೆರೆಯದಿದ್ದುದಕ್ಕೂ ಇದೇ ಕಾರಣ. ಪಾಪ, ಕಲ್ಲಿನ ಗೋಡೆಯನ್ನು ಸುಮ್ಮನೆ ದೂರಿದ್ದೆವು. "ವಿಳಾಸವನ್ನು ತಾನಾಗಿ ಪಡೆ" ಎಂಬ ಆಯ್ಕೆಯನ್ನು ಗುರುತಿಸಿದೊಡನೆ 192.168.1.7 ಬಂತು, ಹಳದಿ ಗುರುತು ಹೋಯಿತು. ಒಂಬತ್ತೂ ಮುಕ್ಕಾಲಿಗೆ ಎರಡೂ ವಿಭಾಗದ ಅಂಕಗಳು ಹೋದವು.

ವಿಳಾಸ ಸರಿಯಿದ್ದೂ ಪುಟ ತೆರೆಯದಿದ್ದರೆ? ಆಗ ಪಿಂಗ್ ಎಂಬ ಆಜ್ಞೆಯಿಂದ ಮೊದಲು ರೂಟರನ್ನು, ಆಮೇಲೆ 8.8.8.8ರಂಥ ಹೊರಗಿನ ಸಂಖ್ಯಾವಿಳಾಸವನ್ನು ಕೂಗಿ ನೋಡಬೇಕು. ರೂಟರ್ ಉತ್ತರಿಸಿ ಹೊರಗಿನದು ಉತ್ತರಿಸದಿದ್ದರೆ ತೊಂದರೆ ಮನೆಯ ಹೊರಗಿನದು, ಸೇವಾದಾರರಿಗೆ ಫೋನ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಸಂಖ್ಯೆಯಾಗಿಸುವ ವ್ಯವಸ್ಥೆಯಲ್ಲಿ ದೋಷ. ಎಲ್ಲವೂ ಸರಿಯಿದ್ದು ಬ್ಯಾಂಕು, ಇಲಾಖೆಗಳ ಸುರಕ್ಷಿತ ತಾಣಗಳು ಮಾತ್ರ ಎಚ್ಚರಿಕೆ ತೋರಿಸುತ್ತಿದ್ದರೆ ಗಡಿಯಾರ ನೋಡಿ. ಒಳಗಿನ ಪುಟ್ಟ ಬ್ಯಾಟರಿ ಸತ್ತು ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆ ತಾಣಗಳ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ, ಯಂತ್ರದ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಿರುವುದಿಲ್ಲ.

ಕಲ್ಲಿನ ಗೋಡೆ ಆ ರಾತ್ರಿ ನಿರಪರಾಧಿಯಾಗಿತ್ತು ಎಂದ ಮಾತ್ರಕ್ಕೆ ಯಾವಾಗಲೂ ನಿರಪರಾಧಿಯಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಳಿತರೆ ಸಂಪರ್ಕ ಆಗಾಗ ಕಡಿದುಹೋಗುತ್ತಿತ್ತು. ಮೊಬೈಲಿನಲ್ಲಿ ಸಂಕೇತದ ಬಲ ಅಳೆಯುವ ತಂತ್ರಾಂಶ ಸಿಗುತ್ತದೆ. ಅದು ತೋರಿಸಿದ್ದು ಋಣ 82 ಡಿಬಿಎಂ. ಒಂದು ಮಿಲಿವ್ಯಾಟನ್ನು ಸೊನ್ನೆ ಎಂದಿಟ್ಟುಕೊಂಡು ಪ್ರತಿ 10 ಇಳಿದಾಗಲೂ ಶಕ್ತಿ ಹತ್ತನೆಯ ಒಂದಾಗುವ ಅಳತೆ ಇದು. ರೂಟರ್ ಹೊರಸೂಸುವುದು ಒಂದು ವ್ಯಾಟಿನ ಹತ್ತನೆಯ ಒಂದರಷ್ಟು. ಋಣ 70 ಎಂದರೆ ಒಂದು ವ್ಯಾಟಿನ ಸಾವಿರ ಕೋಟಿಯಲ್ಲಿ ಒಂದು ಭಾಗ. ಅಷ್ಟರಲ್ಲೂ ಲ್ಯಾಪ್‌ಟಾಪ್ ಕೆಲಸ ಮಾಡುತ್ತದೆ ಎಂಬುದೇ ಆಶ್ಚರ್ಯ. ಋಣ 80 ದಾಟಿದರೆ ಮಾತ್ರ ತಡವರಿಸುತ್ತದೆ. ರೂಟರನ್ನು ತಂತಿ ಬಂದ ಜಾಗದಲ್ಲೇ, ಒಳಮನೆಯ ಗೋಡೆಯ ಗೂಡಿನೊಳಗೆ, ಕಬ್ಬಿಣದ ಕಪಾಟಿನ ಪಕ್ಕ ಇಟ್ಟಿದ್ದರು. ಲೋಹ ಅಲೆಗಳನ್ನು ಪ್ರತಿಫಲಿಸುತ್ತದೆ, ದಪ್ಪ ಕಲ್ಲು ಹೀರುತ್ತದೆ, ಒದ್ದೆ ಗೋಡೆ ಇನ್ನೂ ಹೆಚ್ಚು ಹೀರುತ್ತದೆ. 5 ಗಿಗಾಹರ್ಟ್ಸ್ ಅಲೆಗಳಿಗೆ ಗೋಡೆ ದಾಟುವುದು 2.4ಕ್ಕಿಂತ ಕಷ್ಟ. ಆದ್ದರಿಂದ ದಪ್ಪ ಗೋಡೆಯ ಮನೆಗಳಲ್ಲಿ ವೇಗ ಕಡಿಮೆಯಾದರೂ 2.4ನ್ನೇ ನೆಚ್ಚುವುದು ಮೇಲು.

ಹತ್ತು ಮೀಟರ್ ತಂತಿ ತಂದು ರೂಟರನ್ನು ಪಡಸಾಲೆಯ ಎತ್ತರದ ಹಲಗೆಗೆ ಸಾಗಿಸಿದೆವು. ಅಲ್ಲಿಂದ ಅಡುಗೆಮನೆಗೆ ಗೋಡೆ ಅಡ್ಡವಿಲ್ಲ, ತೆರೆದ ಬಾಗಿಲಿದೆ. ಅಳತೆ ಋಣ 62ಕ್ಕೆ ಏರಿತು. ಇಪ್ಪತ್ತು ಏರಿತೆಂದರೆ ತಲುಪುವ ಶಕ್ತಿ ನೂರು ಪಟ್ಟು ಹೆಚ್ಚಿತು ಎಂದರ್ಥ. ಮಿತ್ರರು ಈ ಅಂಕಿಗಳನ್ನು ಗುರುತು ಹಾಕಿಕೊಂಡು ಹೋಗಿ, ಒಂಬತ್ತನೆಯ ತರಗತಿಯ ಮಕ್ಕಳಿಂದ ಶಾಲೆಯ ಕಟ್ಟಡದ ಇಂಥದೇ ನಕ್ಷೆ ಮಾಡಿಸಿದರು. ಲಾಗರಿದಮ್ ಇನ್ನೂ ಕಲಿಯದ ಮಕ್ಕಳು ಹತ್ತರ ಘಾತಗಳಲ್ಲೇ ಲೆಕ್ಕ ಮುಗಿಸಿದರಂತೆ.